ಪೊಲೀಸ್ ಕೆಲಸಕ್ಕೆ ಸುಳ್ಳುಪತ್ತೆ ಪರೀಕ್ಷೆ: ಅಮೆರಿಕದಲ್ಲಿ ನಡೆಯುವುದು ಹೀಗೆ

ಕರ್ನಾಟಕದಲ್ಲಿ ಕಾನ್‌ಸ್ಟೆಬಲ್ ಆಗಬೇಕೆಂದರೆ ಲಿಖಿತ ಪರೀಕ್ಷೆ ಬರೆಯಬೇಕು, ಮೈದಾನದಲ್ಲಿ ಓಡಬೇಕು. ನಮ್ಮಲ್ಲಿ ಪಾಲಿಗ್ರಾಫ್, ಅಂದರೆ ಸುಳ್ಳುಪತ್ತೆ ಯಂತ್ರ, ಏನಿದ್ದರೂ ತನಿಖೆಯ ಸಾಧನ. ಅದಕ್ಕೂ ಒಳಪಡುವವರ ಒಪ್ಪಿಗೆ ಬೇಕೇ ಬೇಕು ಎಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಅಮೆರಿಕದ ಅನೇಕ ಪೊಲೀಸ್ ಇಲಾಖೆಗಳಲ್ಲಿ ಮಾತ್ರ ಕೆಲಸ ಕೇಳಿ ಬಂದವರನ್ನೇ ಈ ಯಂತ್ರದ ಮುಂದೆ ಕೂರಿಸುತ್ತಾರೆ. ಕೆಲಸಕ್ಕೆ ಸೇರಿಸಿಕೊಳ್ಳಲು ಖಾಸಗಿ ಕಂಪನಿಗಳು ಇದನ್ನು ಬಳಸುವುದಕ್ಕೆ ಅಲ್ಲಿನ 1988ರ ಕಾಯ್ದೆ ಬಹುಮಟ್ಟಿಗೆ ತಡೆ ಹಾಕಿದೆ. ಸರ್ಕಾರಿ ಇಲಾಖೆಗಳಿಗೆ ಆ ತಡೆ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾದ್ದರಿಂದ ಅರ್ಜಿ ಹಾಕುವ ಇಲಾಖೆಯನ್ನೇ ಕೇಳಿಕೊಳ್ಳಬೇಕು.

ಮೊದಲ ಹೆಜ್ಜೆ: ಫಾರಂ. ಮುಗ್ಗರಿಸುವವರು ಹೆಚ್ಚಾಗಿ ಇಲ್ಲೇ ಮುಗ್ಗರಿಸುವುದು, ಯಂತ್ರದ ಮುಂದಲ್ಲ. ಇದ್ದ ಮನೆಗಳ ವಿಳಾಸ, ಮಾಡಿದ ಕೆಲಸಗಳು, ಬಿಟ್ಟ ಕಾರಣ, ಸಾಲ, ಟ್ರಾಫಿಕ್ ದಂಡ, ಮಾದಕ ವಸ್ತು ಎಲ್ಲವನ್ನೂ ತಿಂಗಳು, ವರ್ಷದ ಸಮೇತ ಬರೆಯಬೇಕು. ಗಾಂಜಾ 'ಒಂದೆರಡು ಸಲ' ಎಂದು ಫಾರಂನಲ್ಲಿ ಬರೆದು, ಪರೀಕ್ಷಕರ ಎದುರು 'ಹತ್ತು ಸಲ ಇರಬಹುದು' ಎಂದರೆ, ಗಾಂಜಾಕ್ಕಿಂತ ಆ ವ್ಯತ್ಯಾಸವೇ ದೊಡ್ಡ ತಪ್ಪಾಗುತ್ತದೆ. ಫಾರಂನ ಪ್ರತಿ ಇಟ್ಟುಕೊಂಡು ಹಿಂದಿನ ದಿನ ಮತ್ತೆ ಓದಿ. ಮರೆತದ್ದು ನೆನಪಾದರೆ, ಹಿನ್ನೆಲೆ ಪರಿಶೀಲಿಸುವ ಅಧಿಕಾರಿಗೆ ಪರೀಕ್ಷೆಗೆ ಮೊದಲೇ ಬರೆದು ತಿಳಿಸಿ.

ಹಿಂದಿನ ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಎಂದಿನ ತಿಂಡಿ, ಎಂದಿನ ಕಾಫಿ ಸಾಕು. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಕೆಮ್ಮು ಜೋರಾಗಿದ್ದರೆ ದಿನಾಂಕ ಮುಂದೂಡಿಸಿಕೊಳ್ಳಿ. ಕೆಮ್ಮಿದರೆ ಯಂತ್ರ ದಾಖಲಿಸುವ ಉಸಿರಿನ ಗೆರೆ ಕೆಡುತ್ತದೆ.

ಎರಡನೆಯದು ಮಾತುಕತೆ. ಇಡೀ ಪರೀಕ್ಷೆ ಎರಡು ಮೂರು ಗಂಟೆ ಹಿಡಿದರೂ ಯಂತ್ರ ಓಡುವುದು ಅದರಲ್ಲಿ ಸಣ್ಣ ಪಾಲು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಹಾಕದೆ ಇರಬಹುದು, ಆದರೆ ಸಾಮಾನ್ಯವಾಗಿ ಅರ್ಜಿಯೂ ಅಲ್ಲಿಗೇ ನಿಲ್ಲುತ್ತದೆ. ಬಳಿಕ ಕೇಳಲಿರುವ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಓದಿ ಹೇಳುತ್ತಾರೆ. 'ಕದ್ದಿದ್ದೀರಾ' ಎಂದರೆ ಕಚೇರಿಯ ಪೆನ್ನೂ ಸೇರುತ್ತದೆಯೇ ಎಂಬ ಗೊಂದಲವಿದ್ದರೆ ಆಗಲೇ ಕೇಳಿ ಬಗೆಹರಿಸಿಕೊಳ್ಳಬೇಕು. ಯಂತ್ರ ಶುರುವಾದ ಮೇಲೆ ಉತ್ತರ 'ಹೌದು' ಅಥವಾ 'ಇಲ್ಲ', ಅಷ್ಟೇ.

ಮೂರನೆಯದು ಜೋಡಣೆ. ಎದೆಗೊಂದು ಹೊಟ್ಟೆಗೊಂದು ಉಸಿರು ಅಳೆಯುವ ಕೊಳವೆ, ಎರಡು ಬೆರಳುಗಳಿಗೆ ಬೆವರು ಹಿಡಿಯುವ ಸಂವೇದಕ, ತೋಳಿಗೆ ಬಿ.ಪಿ. ಪಟ್ಟಿ, ಕುರ್ಚಿಯ ಮೇಲೆ ಅಲುಗಾಟ ಗುರುತಿಸುವ ಮೆತ್ತೆ. ಡಾಕ್ಟರು ಬಿ.ಪಿ. ನೋಡುವಾಗ ಗಾಳಿ ಬೇಗ ಬಿಡುತ್ತಾರೆ. ಇಲ್ಲಿ ಪ್ರಶ್ನೆಗಳ ಒಂದು ಸುತ್ತು ಮುಗಿಯುವ ತನಕ, ಅಂದರೆ ನಾಲ್ಕೈದು ನಿಮಿಷ, ಪಟ್ಟಿ ಬಿಗಿದೇ ಇರುತ್ತದೆ. ಕೈ ಜೋಮು ಹಿಡಿಯುವುದು ಸಹಜ. ತಡೆಯಲಾಗದಿದ್ದರೆ ಕೈ ಆಡಿಸಬೇಡಿ, ಬಾಯಿಬಿಟ್ಟು ಹೇಳಿ.

ಮೊದಲು ಒಂದು ಅಭ್ಯಾಸದ ಸುತ್ತು. ನಿಮ್ಮಿಂದ ಒಂದು ಅಂಕಿ ಬರೆಸಿ, ಯಾವ ಅಂಕಿ ಕೇಳಿದರೂ 'ಇಲ್ಲ' ಎನ್ನಲು ಹೇಳುತ್ತಾರೆ. ಬರೆದ ಅಂಕಿಗೆ ಹೇಳುವ 'ಇಲ್ಲ' ಗೊತ್ತಿದ್ದೇ ಹೇಳುವ ಸುಳ್ಳು. ಅದನ್ನು ಗೆರೆಯಲ್ಲಿ ತೋರಿಸಿ ಯಂತ್ರದ ಮೇಲೆ ನಂಬಿಕೆ ಹುಟ್ಟಿಸುವುದೂ ಇದರ ಉದ್ದೇಶ.

ಆಮೇಲೆ ಅಸಲಿ ಸುತ್ತುಗಳು, ಸಾಮಾನ್ಯವಾಗಿ ಮೂರು. ಮೈ ಸ್ಥಿಮಿತಕ್ಕೆ ಬರಲೆಂದು ಪ್ರಶ್ನೆ ಪ್ರಶ್ನೆಗೂ 20–25 ಸೆಕೆಂಡ್ ಬಿಡುವು ಕೊಡುತ್ತಾರೆ. 'ಈ ಕೋಣೆಯಲ್ಲಿ ದೀಪ ಉರಿಯುತ್ತಿದೆಯೇ?' ಎಂಬುದು ಸುಮ್ಮನೆ ಕೇಳುವ ಪ್ರಶ್ನೆ. 'ಗಂಭೀರ ಅಪರಾಧ ಮುಚ್ಚಿಟ್ಟಿದ್ದೀರಾ?' ಎಂಬುದು ಮುಖ್ಯ ಪ್ರಶ್ನೆ. ನಡುವೆ ಬರುವ 'ನಂಬಿದವರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ?' ಎಂಬುದು ಹೋಲಿಕೆಯ ಪ್ರಶ್ನೆ. ಪ್ರಾಮಾಣಿಕರು ಹೋಲಿಕೆಯ ಪ್ರಶ್ನೆಗೆ ಹೆಚ್ಚು ಅಳುಕುತ್ತಾರೆ, ಮುಚ್ಚಿಡುವವರು ಮುಖ್ಯ ಪ್ರಶ್ನೆಗೆ ಅಳುಕುತ್ತಾರೆ ಎಂಬುದು ಲೆಕ್ಕಾಚಾರ. ಎರಡರ ಗೆರೆಗಳನ್ನು ಪಕ್ಕಪಕ್ಕ ಇಟ್ಟು ಮೈನಸ್ 3ರಿಂದ ಪ್ಲಸ್ 3ರವರೆಗೆ ಅಂಕ ಹಾಕುವುದು ಒಂದು ರೂಢಿ.

ದೋಷ ಇರುವುದೂ ಇಲ್ಲೇ. ಹಿಂದೊಮ್ಮೆ ಮಾಡದ ಕಳ್ಳತನದ ಅಪವಾದ ಹೊತ್ತವರಿಗೆ 'ಕಳ್ಳತನ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೆರಳು ಬೆವರುತ್ತದೆ. ಬೆವರಿನಲ್ಲಿ ಸುಳ್ಳಿನದು ಯಾವುದು, ಭಯದ್ದು ಯಾವುದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರ ವರದಿಯಲ್ಲಿ ಒಂದು ಕಾಲ್ಪನಿಕ ಲೆಕ್ಕ ಕೊಟ್ಟಿತ್ತು: 10,000 ಸಿಬ್ಬಂದಿಯ ನಡುವೆ 10 ಗೂಢಚಾರರಿದ್ದು, ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ ಸುಮಾರು 1,600 ನಿರಪರಾಧಿಗಳೂ ಬಲೆಗೆ ಬೀಳುತ್ತಾರೆ.

ಹಾಗಿದ್ದೂ ಇಲಾಖೆಗಳು ಇದನ್ನು ಬಿಡದಿರಲು ಕಾರಣ ಕೊನೆಯ ಹಂತದಲ್ಲಿದೆ. ಪಟ್ಟಿ ಬಿಚ್ಚಿದ ಮೇಲೆ ಪರೀಕ್ಷಕರು ಕುರ್ಚಿ ಹತ್ತಿರ ಎಳೆದುಕೊಂಡು, 'ಮೂರನೇ ಪ್ರಶ್ನೆ ನಿಮ್ಮನ್ನು ಕಾಡುತ್ತಿರುವಂತಿದೆ, ಆಗ ಏನು ನೆನಪಾಯಿತು?' ಎನ್ನುತ್ತಾರೆ. ಇಲಾಖೆಗೆ ಬೇಕಾದದ್ದು ಇಲ್ಲಿ ಹೊರಬೀಳುವ ಮಾತು. ನಿಜ ಇದ್ದರೆ ಹೇಳಿ. ಏನೂ ಇಲ್ಲದಿದ್ದರೆ, ಅವರನ್ನು ಸಮಾಧಾನಪಡಿಸಲೆಂದು ಏನನ್ನೂ ಹೆಣೆಯಬೇಡಿ. ಅದು ವರದಿಗೆ ಹೋಗುತ್ತದೆ. ಉಸಿರು ಬಿಗಿಹಿಡಿಯುವ, ಕಾಲ್ಬೆರಳು ಒತ್ತುವ ಉಪಾಯಗಳೂ ಬೇಡ. ಸಿಕ್ಕಿಬಿದ್ದರೆ ಅಸಹಕಾರ ಎಂದು ಬರೆಯುತ್ತಾರೆ.

'ತೀರ್ಮಾನವಾಗಿಲ್ಲ' ಎಂದು ಬಂದರೆ ಮರುಪರೀಕ್ಷೆ ಉಂಟೇ ಎಂದು ಬರಹದಲ್ಲೇ ಕೇಳಿ. ಪರೀಕ್ಷೆಯ ದಿನಾಂಕ, ಇಲಾಖೆಯ ಹೆಸರು, ಬಂದ ಫಲಿತಾಂಶ ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಇಲಾಖೆಯ ಫಾರಂನಲ್ಲಿ 'ಹಿಂದೆ ಪಾಲಿಗ್ರಾಫ್ ಆಗಿದೆಯೇ?' ಎಂಬ ಕಲಂ ಇದ್ದರೆ ಇದೇ ವಿವರ ಬೇಕಾಗುತ್ತದೆ.