ಅವ್ವನ ಮೊಣಕಾಲಿನ ಲೆಕ್ಕದಲ್ಲಿ ಯಾರ್ಕ್

ಇಂಗ್ಲೆಂಡಿನಲ್ಲಿ ನಾನಿರುವ ಲೀಡ್ಸ್‌ನಿಂದ ಹಳೆಯ ಊರು ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಹುಬ್ಬಳ್ಳಿಯಿಂದ ಅಪ್ಪ-ಅವ್ವ ಬಂದಾಗ ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೇ. ಎಡವಿದ್ದೂ ಅಲ್ಲೇ. ಒಂದೇ ದಿನಕ್ಕೆ ಎಂಟು ಜಾಗ ಬರೆದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ, ಹಿಂದೆ ಕಟುಕರ ಬೀದಿಯಾಗಿದ್ದ ಶ್ಯಾಂಬಲ್ಸ್‌ನ ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ ಅವ್ವ ನಿಂತುಬಿಟ್ಟಳು. "ನೀವಿಬ್ಬರೂ ನೋಡ್ಕೊಂಡ್ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಅಂದಳು. ಕೂರುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಎರಡೂ ಕಡೆಯ ಹಳೆಯ ಮರದ ಮನೆಗಳು ಮೇಲೆ ಬಾಗಿ ಒಂದನ್ನೊಂದು ಮುಟ್ಟುವಂತಿರುವ ಬೀದಿ ಅದು, ಜನ ಉಜ್ಜಿಕೊಂಡೇ ಹೋಗಬೇಕು.

ಮುಂದಿನ ವಾರ ಮತ್ತೆ ಹೊರಟೆವು. ಈ ಸಲ ನಾನು ನೋಡುವ ಜಾಗಗಳಿಗಿಂತ ಮೊದಲು ಕೂರುವ ಜಾಗಗಳನ್ನು ಗುರುತು ಹಾಕಿಕೊಂಡೆ.

ಬೆಳಿಗ್ಗೆ ಎಲ್ಲರಿಗೂ ಕಾಲು ಗಟ್ಟಿ ಇರುತ್ತದೆ, ಆದರೂ ಶುರು ಮಾಡಿದ್ದು ನಿಲ್ದಾಣದ ಹಿಂದೆಯೇ ಇರುವ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನಿಂದ. ಪ್ರವೇಶ ಉಚಿತ, ನೆಲ ಸಮತಟ್ಟು, ಮೇಲಾಗಿ ಅಪ್ಪ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಬರೆದ 'ಮ್ಯಾಲಾರ್ಡ್' ಅಲ್ಲಿದೆ. ನೀಲಿ ಮೈಯ ಆ ಎಂಜಿನ್ನಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಅಪ್ಪ ಬಗ್ಗಿ ಹಳಿ ನೋಡುತ್ತಿದ್ದರು. "ನಮ್ದಕ್ಕಿಂತ ಸಣ್ಣದು ಐತಿ" ಅಂದರು. ನಿಜ, ಇಲ್ಲಿನದು 1,435 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್ 1,676. ಒಂದು ಗಂಟೆ ಅಂದುಕೊಂಡಿದ್ದು ಎರಡೂವರೆ ಆಯಿತು. ಅವ್ವ ಬೆಂಚಿನಲ್ಲಿ ಕೂತು ತಂದಿದ್ದ ಚಪಾತಿ ಬಿಚ್ಚಿದಳು.

ಅಲ್ಲಿಂದ ಟ್ಯಾಕ್ಸಿಯಲ್ಲಿ ಗುಡ್ರಮ್‌ಗೇಟ್. ಈ ಊರಿನಲ್ಲಿ ಹೆಸರುಗಳು ತಲೆ ತಿರುಗಿಸುತ್ತವೆ. 'ಗೇಟ್' ಎಂದರೆ ಬೀದಿ, ಹಿಂದೆ ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರು ಬಿಟ್ಟುಹೋದ ಪದ. 'ಬಾರ್' ಎಂದರೆ ಕೋಟೆಯ ಬಾಗಿಲು. ಹಾಗಾಗಿ "ಮಂಕ್ ಬಾರ್‌ಗೆ ಹೋಗಿ ಬರ್ತೀವಿ" ಎಂದು ನಾನು ಹೇಳಿದಾಗ ಅವ್ವ ಅಪ್ಪನನ್ನು ನೋಡಿದ ನೋಟವೇ ಬೇರೆ. ಆ ಬೀದಿಯಲ್ಲಿ ಕಮಾನಿನೊಳಗೆ ಹೊಕ್ಕರೆ ಹೋಲಿ ಟ್ರಿನಿಟಿ ಎಂಬ ಪುಟ್ಟ ಹಳೆಯ ಚರ್ಚಿದೆ. ಒಳಗೆ ಚಿಕ್ಕ ಕೋಣೆಗಳಂತೆ ಬಾಗಿಲಿರುವ ಮರದ ಆಸನಗಳು, ವಾಲಿದ ನೆಲ. ಗದ್ದಲವಿಲ್ಲ. ಅವ್ವನನ್ನು ಅಲ್ಲಿ ಕೂರಿಸಿ ನಾವಿಬ್ಬರೂ ಮಂಕ್ ಬಾರ್‌ನಲ್ಲಿ ಕೋಟೆಗೋಡೆ ಹತ್ತಿ ಬೂಥಮ್ ಬಾರ್‌ನಲ್ಲಿ ಇಳಿದೆವು. ಇಡೀ ಗೋಡೆ ಮೂರು ಕಿಲೋಮೀಟರಿಗೂ ಹೆಚ್ಚಿದೆ, ಹತ್ತಲು ದುಡ್ಡಿಲ್ಲ. ಆದರೆ ಒಂದೇ ತುಣುಕು ಸಾಕು ಅನ್ನುವವರಿಗೆ ಇದೇ ತುಣುಕು: ತೋಟಗಳ ಆಚೆ ಊರಿನ ದೊಡ್ಡ ಚರ್ಚು ಮಿನ್‌ಸ್ಟರ್ ಪೂರ್ತಿ ಕಾಣುತ್ತದೆ. ಕೆಲವು ಕಡೆ ಒಳಬದಿಗೆ ಕಂಬಿಯಿಲ್ಲ, ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ.

ಮಿನ್‌ಸ್ಟರ್‌ಗೆ ಟಿಕೆಟ್ ಇದೆ, ಅಗ್ಗವೂ ಅಲ್ಲ. ನಡುಗೋಪುರದ 275 ಮೆಟ್ಟಿಲನ್ನು ಯೋಚಿಸದೆ ಬಿಟ್ಟೆವು. ಹೋಗುವಾಗ ಒಂದು ಬೈನಾಕ್ಯುಲರ್ ಇಟ್ಟುಕೊಳ್ಳಿ, ಇದು ನನ್ನ ಗಟ್ಟಿ ಸಲಹೆ. ಪೂರ್ವದ ದೊಡ್ಡ ಕಿಟಕಿ ಟೆನಿಸ್ ಅಂಗಳದಷ್ಟಿದೆ. ಕಾವೆಂಟ್ರಿಯ ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕಸುಬುದಾರ ಮೂರು ವರ್ಷದ ಕರಾರಿನಂತೆ 1405ರಿಂದ 1408ರೊಳಗೆ ಮುಗಿಸಿದ. ಸೃಷ್ಟಿಯಿಂದ ಪ್ರಳಯದವರೆಗಿನ ಕಥೆ ಅದರಲ್ಲಿದೆ, ಆದರೆ ಬರಿಗಣ್ಣಿಗೆ ಮೇಲಿನದೆಲ್ಲ ಬಣ್ಣದ ಚುಕ್ಕೆ. ಬೈನಾಕ್ಯುಲರ್ ಹಿಡಿದರೆ ಏಳು ತಲೆಯ ಮೃಗ ಎದ್ದು ಬರುತ್ತದೆ.

ಅವ್ವ ಮಾತ್ರ ಕಿಟಕಿಗೆ ಒಲಿಯಲಿಲ್ಲ. ಅವಳಿಗೆ ಹಿಡಿಸಿದ್ದು ಚರ್ಚಿನ ಪಾದ್ರಿಗಳ ಸಭೆಗೆಂದು ಕಟ್ಟಿದ ಎಂಟು ಮೂಲೆಯ ಚಾಪ್ಟರ್ ಹೌಸ್. ಮಾಡು ಮರದ್ದಾದ್ದರಿಂದ ಅಷ್ಟಗಲದ ಕೋಣೆಗೆ ನಡುವೆ ಕಂಬವೇ ಇಲ್ಲ. ಗೋಡೆಗುಂಟ ಆಸನಗಳ ಮೇಲೆ ಕಲ್ಲಿನ ಮುಖಗಳು, ನಗುವವು, ಮುಖ ಸಿಂಡರಿಸುವವು. "ಇವ ನೋಡು, ನಮ್ಮ ಓಣಿ ಗಿರಣಿಯಾತನಂಗ ಅದಾನ" ಎನ್ನುತ್ತ ಒಂದೊಂದಕ್ಕೂ ಹೆಸರಿಡುತ್ತ ಸುತ್ತು ಹಾಕಿದಳು. ಮೊಣಕಾಲಿನ ಸುದ್ದಿಯೇ ಇಲ್ಲ.

ದಿಬ್ಬದ ಮೇಲಿನ ಹಳೆಯ ಕೋಟೆಗೋಪುರ ಕ್ಲಿಫರ್ಡ್ಸ್ ಟವರನ್ನು ಕೆಳಗಿನಿಂದಲೇ ನೋಡಿದೆವು. ಮಾರ್ಚ್ ಕೊನೆ, ದಿಬ್ಬದ ತುಂಬ ಹಳದಿ ಡ್ಯಾಫಡಿಲ್. ಇಲ್ಲಿ 1190ರ ಮಾರ್ಚ್‌ನಲ್ಲಿ, ಆಗಿದ್ದ ಮರದ ಗೋಪುರದೊಳಗೆ ಆಶ್ರಯ ಪಡೆದಿದ್ದ ಸುಮಾರು 150 ಯಹೂದಿಗಳು ದೊಂಬಿಯ ಕೈಗೆ ಸಿಕ್ಕಿ ಸಾಯುವ ಬದಲು ಹೆಚ್ಚಿನವರು ತಾವೇ ಪ್ರಾಣ ಬಿಟ್ಟರು. ಹೊರಬಂದವರನ್ನೂ ಕೊಂದರು. ನಾನು ಇದನ್ನು ಹೇಳುವಾಗ ಅಪ್ಪ ಟೋಪಿ ತೆಗೆದರು. ಫೋಟೋ ಬೇಡ ಅಂದರು.

ವೈಕಿಂಗರ ಕಾಲದ ಊರನ್ನು ತೋರಿಸುವ ಯಾರ್ವಿಕ್ ಕೇಂದ್ರ ಬಿಟ್ಟೆವು, ಸರತಿ ಉದ್ದವಿತ್ತು.

ಸಂಜೆ ಮತ್ತೆ ಮಿನ್‌ಸ್ಟರ್, ಈ ಸಲ ಟಿಕೆಟ್ ಇಲ್ಲದೆ. ಈವನ್‌ಸಾಂಗ್ ಎಂಬ ಸಂಜೆಯ ಪ್ರಾರ್ಥನೆಗೆ ಯಾರು ಬೇಕಾದರೂ ಬರಬಹುದು. ಒಳಮಂಟಪದ ಮರದ ಆಸನಗಳಲ್ಲೇ ನಮ್ಮನ್ನು ಕೂರಿಸಿದರು. 1829ರಲ್ಲಿ ಜೊನಾಥನ್ ಮಾರ್ಟಿನ್ ಎಂಬಾತ ರಾತ್ರಿ ಅಡಗಿದ್ದು ಬೆಂಕಿಯಿಟ್ಟಾಗ ಹಳೆಯವು ಸುಟ್ಟುಹೋಗಿ, ಆಮೇಲೆ ಹೊಸದಾಗಿ ಮಾಡಿದವು ಇವು. ಗಾಯನ ಮೇಳದ ಚಿಕ್ಕ ಹುಡುಗರು ಹಾಡಿದ ಹಾಡಿನ ಒಂದು ಪದವೂ ಅವ್ವನಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೂತಿದ್ದಳು, ನಿದ್ದೆ ಬಂತೇನೋ ಅಂದುಕೊಂಡೆ. ಹೊರಗೆ ಬಂದ ಮೇಲೆ ಕೇಳಿದಳು: "ಆ ಸಣ್ಣ ಹುಡುಗರು ಊಟ ಮಾಡೋದು ಎಷ್ಟೊತ್ತಿಗೆ?"