ಚರ್ಮ, ಕೂದಲು, ಉಗುರು, ಕುತ್ತಿಗೆ: ಶುಶ್ರೂಷಕಿಯರು ನೋಡಬೇಕಾದ ಬಗೆ

ಕೈ ತೊಳೆದು, ಅನುಮತಿ ಕೇಳಿ, ರೋಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿರಿ. ಟ್ಯೂಬ್‌ಲೈಟಿನಡಿ ಕಾಮಾಲೆಯ ಹಳದಿ ತಪ್ಪಿಹೋಗುವುದುಂಟು. ರಾಯಚೂರಿನ ಬಿಸಿಲಿನಲ್ಲಿ ಭತ್ತದ ಗದ್ದೆಗೆ ದುಡಿದು ಬಂದವರ ಮೈಬಣ್ಣದಿಂದ ರಕ್ತಹೀನತೆಯನ್ನು ಊಹಿಸಲಾಗದು. ಕೆಳರೆಪ್ಪೆಯ ಒಳಭಾಗ, ನಾಲಿಗೆ ಮತ್ತು ಅಂಗೈಗಳನ್ನು ನೋಡಬೇಕು. ಬೇಸಿಗೆಯಲ್ಲಿ ಸುಸ್ತೆಂದು ಬಂದವರ ಕೊರಳೆಲುಬಿನ ಕೆಳಗೆ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ತಕ್ಷಣ ಇಳಿಯದಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿರಬಹುದು. ವೃದ್ಧರ ಮುಂಗೈ ಚರ್ಮ ಸಹಜವಾಗಿಯೇ ಸಡಿಲವಿರುವುದರಿಂದ, ಅಲ್ಲಿ ಚಿವುಟಿ ನಿರ್ಣಯಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಬಣ್ಣ ಮಾಸಿದ ಮಚ್ಚೆ ಕಂಡರೆ, ರೋಗಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮೆಲ್ಲನೆ ಸವರಿರಿ. ಸ್ಪರ್ಶ ತಿಳಿಯದಿದ್ದರೆ ಕುಷ್ಠದ ಶಂಕೆಯಿಂದ ವೈದ್ಯರಿಗೆ ತೋರಿಸಬೇಕು.

ಉಗುರನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಗೋರಂಟಿ ಹಚ್ಚಿದ ಉಗುರು ಇದಕ್ಕೆ ಬಾರದು. ಚಮಚದಂತೆ ಕುಳಿಬಿದ್ದ ಉಗುರು ಕಬ್ಬಿಣಾಂಶದ ಕೊರತೆಯನ್ನು ಸೂಚಿಸುತ್ತದೆ. ಕೂದಲನ್ನು ಕಿವಿಯ ಹಿಂದೆ ಬಿಡಿಸಿ ನೋಡಿರಿ: ಹೊಟ್ಟು ಉದುರುತ್ತದೆ, ಸೀರು ಅಂಟಿಕೊಂಡಿರುತ್ತದೆ.

ಒಂದು ಗುಟುಕು ನೀರು ಕುಡಿಸಿ ಕುತ್ತಿಗೆಯನ್ನು ಗಮನಿಸಿರಿ. ಥೈರಾಯ್ಡ್ ಊತ ನುಂಗುವಾಗ ಮೇಲೇರುತ್ತದೆ. ದವಡೆಯಡಿ ಬೆರಳಿಗೆ ಸಿಗುವ, 1 ಸೆಂ.ಮೀ. ಮೀರಿದ, ಗಟ್ಟಿಯಾದ, ಜರುಗದ ಗಂಟಿನ ಸ್ಥಳವನ್ನೂ ಅಳತೆಯನ್ನೂ ಕೇಸ್‌ಶೀಟಿನಲ್ಲಿ ಬರೆದು ಅಂದೇ ವೈದ್ಯರಿಗೆ ತಿಳಿಸಿರಿ.