ಹಳೆಯ ಮರದ ಬಾತು ಕೊಳ್ಳುವ ಮುಂಚೆ ಬಿರುಕಿನೊಳಗೆ ನೋಡಿ

ಅಮೆರಿಕದ ಮೇರಿಲ್ಯಾಂಡ್ ಕಡೆ ಹಳೆ ಸಾಮಾನಿನ ಅಂಗಡಿಗೆ ಹೋದರೆ ಮರದ ಬಾತುಗಳು ಸಾಲಾಗಿ ಕೂತಿರುತ್ತವೆ. ಇವೇ ಡಿಕಾಯ್‌ಗಳು. ಬೇಟೆಗಾರರು ಇವನ್ನು ನೀರಿನಲ್ಲಿ ತೇಲಿಬಿಟ್ಟು, ಮೇಲೆ ಹಾರುವ ಹಕ್ಕಿಗಳನ್ನು ಕೆಳಗಿಳಿಸುತ್ತಿದ್ದರು. ಇಲ್ಲಿನ ಕನ್ನಡದ ಗೆಳೆಯರೊಬ್ಬರು ಒಂದನ್ನು ಕೊಂಡು ತಂದು, ಸೋಪು ಹಾಕಿ ತಿಕ್ಕಿ, ವಾರ್ನಿಶ್ ಹೊಡೆದರು. ಹಳೆ ಬಣ್ಣವೆಲ್ಲ ಸಿಂಕಿನ ಪಾಲಾಯಿತು. ನೋಡಿ ಕರುಳು ಚುರ್ ಎಂದಿತು.

ಮೊದಲು ಕಣ್ಣು ಪಳಗಲಿ. ಚೆಸಪೀಕ್ ಕೊಲ್ಲಿಯ ಮೇಲ್ತುದಿಯಲ್ಲಿರುವ ಹ್ಯಾವರ್ ಡಿ ಗ್ರೇಸ್ ಊರಿನಲ್ಲಿ ಡಿಕಾಯ್‌ಗಳದ್ದೇ ಮ್ಯೂಸಿಯಂ ಇದೆ. ಅಲ್ಲಿ ಎರಡು ಸಲ ಸುತ್ತಿ ಬರುವ ತನಕ ಜೇಬಿಗೆ ಕೈ ಹಾಕಬೇಡಿ.

ಆಮೇಲೆ ಒಂದೇ ಸೀಮೆ ಹಿಡಿಯಿರಿ. ನನಗೆ ಚೆಸಪೀಕ್ ಸಾಕು. ಕ್ರಿಸ್‌ಫೀಲ್ಡಿನ ಲೆಮ್ ಮತ್ತು ಸ್ಟೀವ್ ವಾರ್ಡ್ ಅಣ್ಣತಮ್ಮಂದಿರು ಕ್ಷೌರದ ಕೆಲಸ ಮಾಡುತ್ತಲೇ ಕೆತ್ತಿದ ಬಾತುಗಳು ಎಷ್ಟು ಚೆಂದ!

ಈಗ ಬಣ್ಣ. ಜಾಸ್ತಿ ಜನ ಎಡವುವುದು ಇಲ್ಲೇ. ಬಾತನ್ನು ಬಿಸಿಲಿಗೆ ಹಿಡಿದು ಮರದ ಬಿರುಕು ಹುಡುಕಿ. ಬಿರುಕಿನ ಒಳಗೂ ಬಣ್ಣ ಇಳಿದಿದೆಯಾ? ಹಾಗಾದರೆ ಮರ ಸೀಳಿದ ಮೇಲೆ ಯಾರೋ ಮತ್ತೆ ಬಳಿದಿದ್ದಾರೆ. ಒಳಗೆ ಬರಿಯ, ಕಪ್ಪಾದ ಮರ ಕಂಡರೆ ಒಳ್ಳೆಯ ಗುರುತು. ಸವೆತ ಎಲ್ಲಿದೆ ನೋಡಿ. ಕೈ ಆಡುವ ತಲೆ, ದೋಣಿಗೆ ಉಜ್ಜುವ ಪಕ್ಕೆ, ಕೊಕ್ಕಿನ ತುದಿ, ಬಾಲ ಸವೆಯಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಮರಳುಕಾಗದದ ಕೆಲಸ. ನೇರಳಾತೀತ ಟಾರ್ಚ್ ಕೂಡ ಇಟ್ಟುಕೊಳ್ಳಿ. ಹೊಸ ಬಣ್ಣ ಎಷ್ಟೋ ಸಲ ಅದರಡಿ ಹೊಳೆಯುತ್ತದೆ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಹಳೆಯದು ಎಂದು ನಂಬಬೇಡಿ. ಬೇಟೆಗಾರರೇ ಹೊಸ ಸೀಸನ್ನಿಗೆ ಮುಂಚೆ ಬಣ್ಣ ಬಳಿಯುತ್ತಿದ್ದದ್ದೂ ಉಂಟು. ಅಂಥದ್ದಕ್ಕೆ ಬೆಲೆ ಕಡಿಮೆ, ಆದರೆ ನಾನು ಖುಷಿಯಿಂದ ಕೊಳ್ಳುತ್ತೇನೆ. ಶೋಕೇಸಿಗೆಂದೇ ಮಾಡಿ ಮೇಲೆ ಕಂದು ಬಣ್ಣ ಸವರಿದ 'ಹಳೆ' ಬಾತುಗಳನ್ನು ಮಾತ್ರ ಮುಟ್ಟಬೇಡಿ.

ತಿರುಗಿಸಿ ಅಡಿ ನೋಡಿ. ಮಗುಚದಂತೆ ಹೊಡೆದ ಸೀಸದ ತುಂಡು, ಲಂಗರಿನ ದಾರ ಕಟ್ಟುವ ಕೊಂಡಿ ಇರಬೇಕು. ಅಥವಾ ಅವು ಇದ್ದ ಮೊಳೆ ತೂತುಗಳಾದರೂ ಕಾಣಬೇಕು. ಸುಟ್ಟು ಒತ್ತಿದ ಅಕ್ಷರ ಕಂಡ ಕೂಡಲೇ ಕೆತ್ತಿದವನ ಹೆಸರು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಬಾತಿನ ಮಾಲೀಕನದೋ ಬೇಟೆ ಕ್ಲಬ್ಬಿನದೋ ಆಗಿರುತ್ತದೆ. ಮ್ಯಾಸಚೂಸೆಟ್ಸಿನ ಕೆತ್ತನೆಗಾರ ಎಲ್ಮರ್ ಕ್ರೋವೆಲ್ ತನ್ನದೇ ಮುದ್ರೆ ಒತ್ತುತ್ತಿದ್ದ. ಅವನ ಎರಡು ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ ಡಾಲರಿಗೂ ಮೇಲೆ ಹೋದವು. ಹಾಗಾಗಿ ದೊಡ್ಡ ಹೆಸರು ಹೇಳಿ ಮಾರುವವರಿಂದ ಬರವಣಿಗೆಯಲ್ಲಿ ಗ್ಯಾರಂಟಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಮನೆಗೆ ತಂದ ಮೇಲೆ ಒಣ, ಮೆತ್ತನೆಯ ಬ್ರಶ್ಶಿನಿಂದ ಧೂಳು ಹೊಡೆದರೆ ಸಾಕು. ನೀರು ಬೇಡ, ಎಣ್ಣೆ ಬೇಡ. ಬಿಸಿಲು, ಹೀಟರ್ ಎರಡರಿಂದಲೂ ದೂರ ಇಡಿ. ಚರೆಗುಂಡಿನ ತೂತು ಇದ್ದರೆ ಮುಚ್ಚಬೇಡಿ. ಬೇಟೆಗಾರರು ತಲೆ ಹಿಡಿದೇ ಎತ್ತುತ್ತಿದ್ದರಿಂದ ಕತ್ತಿನ ಕೀಲು ಸಡಿಲ ಇರಬಹುದು. ನೀವು ಎತ್ತುವಾಗ ಎರಡೂ ಕೈಯಿಂದ ಮೈ ಹಿಡಿಯಿರಿ.